ಎಲ್ಲಮ್ಮನ ನವಿಲು ಬಣ್ಣದ ಕೇಪ್

ಸೇಲಂನಂಥ ಊರಲ್ಲಿ ಉಣ್ಣೆ ಹೆಣೆಯುತ್ತಾ ಕೂತವರನ್ನು ಕಂಡರೆ ಜನಕ್ಕೆ ನಗು ಬರುತ್ತದೆ. ಭಾಮಾಗೆ ಅದು ಹಳೆಯ ಮಾತು. ಟೆಲಿಫೋನ್ ಇಲಾಖೆಯಲ್ಲಿದ್ದಾಗ ಏರ್ಕಾಡ್ ಬೆಟ್ಟದ ಕಡೆಯ ಸಹೋದ್ಯೋಗಿಯೊಬ್ಬಳು ಊಟದ ಬಿಡುವಿನಲ್ಲಿ ಕಲಿಸಿಕೊಟ್ಟ ಕೈಕೆಲಸ ಅದು. ಮಗಳು ಪ್ರಣತಿ ಮಗುವಾಗಿದ್ದಾಗ ಒಂದೆರಡು ಟೋಪಿ, ಕಾಲುಚೀಲ ಹಾಕಿಸಿಕೊಂಡಿದ್ದಳು. ಆಮೇಲೆ ಮನೆಯಲ್ಲಿ ಯಾರೂ ಭಾಮಾ ಹೆಣೆದದ್ದನ್ನು ಮೈಗೆ ತಾಗಿಸಲಿಲ್ಲ. ಗಂಡ ವೆಂಕಣ್ಣನಂತೂ, ಈ ಸೆಕೆಯಲ್ಲಿ ಅದನ್ನು ನೋಡಿದರೇ ಬೆವರು ಬರುತ್ತದೆ ಅನ್ನುತ್ತಿದ್ದ. ಹೆಣೆದವೆಲ್ಲ ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿದ್ದವು. ಅವಳು ಮಾತ್ರ ಬಿಡಲಿಲ್ಲ. ಕೈ ಸುಮ್ಮನಿದ್ದರೆ ತಲೆ ಸುಮ್ಮನಿರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ವೆಂಕಣ್ಣನ ಕಿಡ್ನಿ ಕೈಕೊಟ್ಟ ಮೇಲೆ ಮಂಗಳವಾರ, ಶುಕ್ರವಾರ ಡಯಾಲಿಸಿಸ್ ಅಂತ ನಿಗದಿಯಾಯಿತು. ಬೆಳಿಗ್ಗೆ ಒಳಗೆ ಕಳಿಸಿದರೆ ಹೊರಗೆ ಬರುವಾಗ ಮಧ್ಯಾಹ್ನ. ಜೊತೆಗೆ ಬಂದವರು ಆಸ್ಪತ್ರೆಯ ಕಾರಿಡಾರಿನ ಉಕ್ಕಿನ ಕುರ್ಚಿಗಳಲ್ಲಿ ಕಾಯಬೇಕು. ಕೆಲವರು ಫೋನ್ ನೋಡುತ್ತಿದ್ದರು, ಕೆಲವರು ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದರು. ಭಾಮಾ ಚೀಲದಿಂದ ಹೆಣಿಗೆಯ ಸೂಜಿ ತೆಗೆಯುತ್ತಿದ್ದಳು.

ಮಾರಿಯಪ್ಪ ಅವಳ ಗಮನಕ್ಕೆ ಬಿದ್ದದ್ದು ಮಾತಿನಿಂದ. ಸುತ್ತಲೂ ತಮಿಳು ಕೇಳುತ್ತಿದ್ದಾಗ ಬಾಗಿಲ ಹತ್ತಿರ ಒಬ್ಬ ಗಂಡಸು ತನ್ನ ಹೆಂಡತಿಗೆ, "ಎದ್ರಬ್ಯಾಡ, ನಾನು ಆಚೆನೇ ಇರ್ತೀನಿ, ಎಲ್ಲೂ ಓಗಲ್ಲ" ಅಂದ. ಭಾಮಾ ತಲೆಯೆತ್ತಿ ನೋಡಿದಳು. ಅಡ್ಡಪಂಚೆ, ತೋಳು ಮಡಿಚಿದ ಬಿಳಿ ಶರ್ಟು, ಹೆಗಲ ಮೇಲೆ ಟವೆಲು. ಆಮೇಲೆ ಮಾತಿಗೆ ಮಾತು ಸೇರಿತು. ಕಂಬೈನಲ್ಲೂರಿನ ಪಕ್ಕದ ಹಳ್ಳಿ, ಸ್ವಲ್ಪ ಹೊಲ, ಎರಡು ಹಸು. ಹತ್ತಿರದ ಊರಲ್ಲಿ ಡಯಾಲಿಸಿಸ್‌ಗೆ ಜಾಗ ಖಾಲಿ ಇರಲಿಲ್ಲವಂತೆ. ಅದಕ್ಕೇ ಬೆಳಗಿನ ಬಸ್ಸು ಹಿಡಿದು, ಧರ್ಮಪುರಿಯಲ್ಲಿ ಬಸ್ಸು ಬದಲಿಸಿ, ತೊಪ್ಪೂರು ಘಾಟಿ ಇಳಿದು ಇಲ್ಲಿಗೆ ಬರುತ್ತಿದ್ದರು. ಹೆಂಡತಿ ಎಲ್ಲಮ್ಮನ ಹಾಸಿಗೆ ವೆಂಕಣ್ಣನ ಹಾಸಿಗೆಯ ಪಕ್ಕದಲ್ಲೇ ಇತ್ತು.

ಎಲ್ಲಮ್ಮನಿಗೆ ಸೂಜಿಯ ಭಯಕ್ಕಿಂತ ಚಳಿಯ ಕಾಟ ಹೆಚ್ಚು. ಒಳಗೆ ಏಸಿ. ಅದರ ಜೊತೆಗೆ ಮೈಯ ರಕ್ತವೆಲ್ಲ ನಳಿಕೆಯಲ್ಲಿ ಹೊರಗೆ ಹೋಗಿ ಯಂತ್ರ ಸುತ್ತಿ ಬರುವಾಗ ಎಂಥವರಿಗೂ ನಡುಕ ಹತ್ತುತ್ತದೆ. ಶಾಲು ಹೊದೆಸಿದರೆ ಅಲುಗಿದಾಗೆಲ್ಲ ಜಾರಿ ನಳಿಕೆಗಳ ಮೇಲೆ ಬೀಳುತ್ತಿತ್ತು. ಭಾಮಾ ಸೂಟ್‌ಕೇಸಿನಿಂದ ಒಂದು ಸ್ವೆಟರ್ ತಂದುಕೊಟ್ಟಳು. ನರ್ಸ್ ಮುನಿಲಕ್ಷ್ಮಿ ಅದನ್ನು ಆ ಕ್ಷಣವೇ ವಾಪಸ್ ಕೊಟ್ಟಳು. ಸೂಜಿ ಚುಚ್ಚುವ ತೋಳು ಭುಜದವರೆಗೂ ಬಯಲಾಗಿರಬೇಕು, ತೋಳಿನ ಬಟ್ಟೆ ಬಿಗಿಯಾದರೆ ಆಗುವುದಿಲ್ಲ ಅಂದಳು.

ಭಾಮಾ ಯೋಚನೆ ಮಾಡಿ ಒಂದು ದಾರಿ ಕಂಡುಕೊಂಡಳು. ತೋಳೇ ಇಲ್ಲದ ಕೇಪ್. ಹೆಗಲ ಮೇಲಿಂದ ಇಳಿದು ಮೊಣಕೈ ಮುಟ್ಟುತ್ತದೆ, ಕೊರಳ ಹತ್ತಿರ ಒಂದು ಗುಂಡಿ, ಬೇಕಾದ ಕೈಯನ್ನು ಕೆಳಗಿಂದ ಹೊರಗೆ ಚಾಚಬಹುದು. ಫೋನಿನಲ್ಲಿ ಅಂಥದ್ದರ ಚಿತ್ರ ಹುಡುಕಿ ಮಾರಿಯಪ್ಪನಿಗೆ ತೋರಿಸಿ, ತಾನೇ ಹೆಣೆದುಕೊಡುತ್ತೇನೆ ಅಂದಳು.

ಮಾರಿಯಪ್ಪ ಬಹಳ ಹೊತ್ತು ಆ ಚಿತ್ರ ನೋಡಿದ. ಆಮೇಲೆ, "ನೀವು ಮಾಡ್ಕೊಟ್ರೆ ಬೇಗ ಆಯ್ತದೆ ಅಮ್ಮಾ. ಆದ್ರೆ ಅವ್ಳು ಒಳಗೆ ನಡುಗ್ತಾವ್ಳೆ, ನಾನು ಆಚೆ ಸುಮ್ನೆ ಕುಂತಿದ್ದೀನಿ. ನಂಗೇ ಯೋಳ್ಕೊಡಿ" ಅಂದ.

ಭಾಮಾ ನಗಲಿಲ್ಲ. ಚೀಲದಲ್ಲಿದ್ದ ಇನ್ನೊಂದು ಜೊತೆ ಸೂಜಿ ತೆಗೆದು ಅವನ ಕೈಗಿಟ್ಟಳು.

ಮೊದಲ ವಾರಗಳು ಹರಸಾಹಸ. ಅವನ ಬೆರಳುಗಳ ಬಿಗಿಗೆ ಕುಣಿಕೆಗಳು ಸೂಜಿಗೆ ಕಚ್ಚಿಕೊಂಡು ಮುಂದೆ ಸರಿಯುತ್ತಲೇ ಇರಲಿಲ್ಲ. ಹಾಲು ಕರೆಯುವ ಹಾಗೆ ಹಿಂಡಬೇಡಿ, ಕೋಳಿಮರಿ ಹಿಡಿದ ಹಾಗೆ ಹಿಡಿಯಿರಿ ಅಂತ ಭಾಮಾ ಹೇಳಿಕೊಟ್ಟಳು. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ಕಾವಲಿನ ಕುಪ್ಪಸ್ವಾಮಿ ದಿನಾ ಒಂದು ತಮಾಷೆ ಮಾಡದೆ ಮುಂದೆ ಹೋಗುತ್ತಿರಲಿಲ್ಲ. ಯಾರಿಗಪ್ಪಾ ಇದು ಅಂತ ತಮಿಳಲ್ಲಿ ಕೇಳಿದರೆ ಮಾರಿಯಪ್ಪ ತಲೆ ಎತ್ತದೆ, ನನ್ನ ಹೆಂಡತಿಗೆ ಅಂತ ತಮಿಳಲ್ಲೇ ಹೇಳಿ ಸಾಲು ಮುಗಿಸುತ್ತಿದ್ದ. ಕೆಲವು ದಿನಗಳಾದ ಮೇಲೆ ಕೇಳುವವರು ಕಡಿಮೆಯಾದರು.

ಸಾದಾ ಹೆಣಿಗೆ ಕೈಗೆ ಬಂದಾಗ ಭಾಮಾ ಇಷ್ಟು ಸಾಕು ಅಂದಳು. ಅವನು ಒಪ್ಪಲಿಲ್ಲ. ಚಿತ್ರದಲ್ಲಿದ್ದ ಕೇಪಿನ ಮೇಲೆ ಜಡೆ ಹಾಕಿದ ಹಾಗೆ, ಹಗ್ಗ ಹೊಸೆದ ಹಾಗೆ ಉಬ್ಬಿದ ಸಾಲುಗಳಿದ್ದವು. ಅವನಿಗೆ ಅದೇ ಬೇಕಾಗಿತ್ತು. ಅದಕ್ಕೆ ಕೇಬಲ್ ಅನ್ನುತ್ತಾರೆ, ಅಷ್ಟು ಸುಲಭ ಅಲ್ಲ ಅಂತ ಅವಳು ಎಚ್ಚರಿಸಿದಳು. ಕೆಲವು ಕುಣಿಕೆಗಳನ್ನು ಬೇರೊಂದು ಚಿಕ್ಕ ಕಡ್ಡಿಗೆ ದಾಟಿಸಿ ಮುಂದೆ ಹಿಡಿದಿರಬೇಕು. ಅವುಗಳ ಆಚೆಯ ಕುಣಿಕೆಗಳನ್ನು ಮೊದಲು ಹೆಣೆದು, ಆಮೇಲೆ ಹಿಡಿದಿಟ್ಟವನ್ನು ಹೆಣೆಯಬೇಕು. ಆಗ ಒಂದರ ಮೇಲೊಂದು ದಾಟಿ ಹುರಿ ಏಳುತ್ತದೆ. ಒಮ್ಮೆ ಮುಂದೆ ಹಿಡಿಯಬೇಕಾದ್ದನ್ನು ಹಿಂದೆ ಹಿಡಿದರೆ ಹುರಿ ತಿರುಗಿಬೀಳುತ್ತದೆ.

ಅವನ ಮೊದಲ ಹುರಿ ಇಲಿ ನುಂಗಿದ ಹಾವಿನ ಹಾಗೆ ಕಂಡಿತು. ಅವನೇ ನಕ್ಕು ಬಿಚ್ಚಿದ. ಎರಡನೆಯದನ್ನೂ ಬಿಚ್ಚಿದ. ದೀಪಾವಳಿ ಕಳೆದ ಮೇಲೆ ಒಂದು ಶುಕ್ರವಾರ ಹುರಿ ಸರಿಯಾಗಿ ಎದ್ದಿತು. ಅವನು ಅದನ್ನು ಭಾಮಾಳ ಮುಂದೆ ಹಿಡಿದ. ಅವಳಿಗೆ ತಾನೇ ಮೊದಲ ಸಲ ಹೆಣೆದಷ್ಟು ಖುಷಿಯಾಯಿತು.

ಇದೆಲ್ಲ ಎಲ್ಲಮ್ಮನಿಗೆ ಗೊತ್ತಿರಲಿಲ್ಲ. ಪೊಂಗಲ್‌ಗೆ ಕೊಡಬೇಕು, ಅಲ್ಲಿಯವರೆಗೆ ಹೇಳಬಾರದು ಅಂತ ಅವನ ಆಸೆ. ಹೆಣೆದದ್ದನ್ನು ಭಾಮಾಳ ಚೀಲದಲ್ಲೇ ಬಿಟ್ಟುಹೋಗುತ್ತಿದ್ದ. ಆದರೆ ಎಲ್ಲಮ್ಮ ಗಮನಿಸದೆ ಇರುವವಳಲ್ಲ. ಮೊದಲೆಲ್ಲ ಯಂತ್ರ ನಿಲ್ಲಿಸುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದ ಗಂಡ ಈಗ ಕರೆದ ಮೇಲೆ ಬರುತ್ತಿದ್ದ. ವಾಪಸ್ ಬಸ್ಸಿನಲ್ಲಿ ಮಾತಿಗೊಮ್ಮೆ ಭಾಮಮ್ಮ ಹಿಂಗಂದ್ರು, ಭಾಮಮ್ಮ ಹಂಗಂದ್ರು ಅನ್ನುತ್ತಿದ್ದ. ಕೊನೆಗೆ ಒಂದು ದಿನ ಅವಳು ಪಕ್ಕದ ಹಾಸಿಗೆಯ ಕಡೆ ತಿರುಗಿ, ನಿಮ್ಮ ಮನೆಯೋರು ಆಚೆ ಏನ್ ಮಾಡ್ತಾರೆ ಸಾಮೀ ಅಂತ ವೆಂಕಣ್ಣನನ್ನು ಕೇಳಿದಳು.

ಅದು ಗುಟ್ಟು ಅಂತ ವೆಂಕಣ್ಣನಿಗೆ ಯಾರೂ ಹೇಳಿರಲಿಲ್ಲ. ನಿಮ್ಮ ಯಜಮಾನರಿಗೆ ಹೆಣಿಗೆ ಕಲಿಸುತ್ತಿದ್ದಾಳೆ, ನಿಮಗೇ ಅಂತೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಎಲ್ಲಮ್ಮ ಮುನಿಲಕ್ಷ್ಮಿಯನ್ನು ಕಳಿಸಿ ಗಂಡನನ್ನು ಒಳಗೆ ಕರೆಸಿದಳು. ಭಾಮಾಳೂ ಜೊತೆಗೆ ಹೋದಳು. ಮಾರಿಯಪ್ಪ ಅರ್ಧ ಮುಗಿದ ಕೇಪನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ತಂದ. ಎಲ್ಲಮ್ಮ ಸೂಜಿ ಚುಚ್ಚದ ಕೈಯಿಂದ ಅದನ್ನು ಹಾಸಿಗೆಯ ಮೇಲೆ ಹರಡಿಕೊಂಡು, ಹುರಿಗಳ ಮೇಲೆ ಬೆರಳಾಡಿಸಿ, ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಇದು ನೀನೇ ಮಾಡಿದ್ದಾ ಮಾವ?"

ಅವನು ತಲೆಯಾಡಿಸಿದ.

"ಬಣ್ಣ ಯಾರ್ನ ಕೇಳಿ ತಂದೆ? ಇಷ್ಟು ವರ್ಸ ಒಲದ ಮಣ್ಣು ನೋಡಿದ್ದು ಸಾಲ್ದಾ, ಮೈಮ್ಯಾಲೂ ಅದೇ ಬಣ್ಣಾನಾ?"

ಅವನು ಕಂದು ಬಣ್ಣ ಆರಿಸಿದ್ದು ಕೊಳೆ ಕಾಣುವುದಿಲ್ಲ ಅಂತ. ಎಲ್ಲಮ್ಮ ಭಾಮಾಳ ಫೋನು ಕೇಳಿ ಚಿತ್ರ ನೋಡಿದಳು. ತನಗೆ ನವಿಲು ಬಣ್ಣ ಬೇಕು ಅಂದಳು. ಚಿತ್ರದ ಹೆಂಗಸಿನ ಕತ್ತಿನಲ್ಲಿ ಅದೇ ಹುರಿಗಳ, ಬಳೆಯಂತೆ ದುಂಡಗಿನ ಒಂದು ಪಟ್ಟಿ ಇತ್ತು. ಅದು ಏನು ಅಂತ ಕೇಳಿದಳು. ಕೌಲ್, ಕುತ್ತಿಗೆ ಬೆಚ್ಚಗಿಡುವುದಕ್ಕೆ ಅಂತ ಭಾಮಾ ಹೇಳಿದಾಗ, ಅದೂ ಒಂದು ಬೇಕು, ಜೋಡಿಯಾಗಿರಬೇಕು ಅಂದಳು.

ಭಾಮಾಗೆ ಮಾರಿಯಪ್ಪನನ್ನು ನೋಡಿ ಪಾಪ ಅನ್ನಿಸಿತು. ಅಷ್ಟು ದಿನದ ದುಡಿತ. ಕಾರಿಡಾರಿಗೆ ಬಂದ ಮೇಲೆ, ಬೇಸರ ಮಾಡಿಕೊಳ್ಳಬೇಡಿ ಅಂದಳು. ನೋಡಿದರೆ ಅವನ ಮುಖದಲ್ಲಿ ಬೇಸರವೇ ಇರಲಿಲ್ಲ. ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದ.

"ಕಾಯಿಲೆ ಬಿದ್ದಾಗಿಂದ ಅವ್ಳು ಒಂದೇ ಒಂದು ಬೇಕು ಅಂತ ಬಾಯ್ ಬಿಟ್ಟಿರ್ಲಿಲ್ಲ ಅಮ್ಮಾ. ಸೀರೆ ತರ್ಲಾ ಅಂದ್ರೂ ಯಾಕೆ, ತಿನ್ನಾಕೆ ತರ್ಲಾ ಅಂದ್ರೂ ಯಾಕೆ. ಈಗ ಎರಡು ಕೇಳವ್ಳೆ ನೋಡಿ."

ಇದನ್ನೆಲ್ಲ ವೆಂಕಣ್ಣ ಪಕ್ಕದ ಹಾಸಿಗೆಯಿಂದ ನೋಡಿದ್ದ. ಮಧ್ಯಾಹ್ನ ಆಟೋದಲ್ಲಿ ಮನೆಗೆ ಹೋಗುವಾಗ ವೆಂಕಣ್ಣ, ಆ ಕಂದು ಬಣ್ಣದ್ದನ್ನು ಬಿಚ್ಚಿಸಬೇಡ, ನನಗಾಗುತ್ತದೆ ಅಂದ. ಭಾಮಾಗೆ ಸಿಟ್ಟು ಬಂತು. ಇಷ್ಟು ವರ್ಷ ತಾನು ಹೆಣೆದದ್ದನ್ನು ಮುಟ್ಟದವನು ಈಗ ಇನ್ನೊಬ್ಬರು ಹೆಣೆದದ್ದಕ್ಕೆ ಕೈ ಚಾಚುತ್ತಿದ್ದಾನೆ ಅಂತ ಮುಖ ತಿರುಗಿಸಿ ಕೂತಳು. ಮನೆಗೆ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತಾಗ ವೆಂಕಣ್ಣನೇ ಮಾತೆತ್ತಿದ.

"ಅಲ್ಲಿ ನನಗೂ ಚಳಿ ಆಗುತ್ತೆ ಭಾಮಾ. ತುಂಬಾ ಆಗುತ್ತೆ. ನಿನ್ನ ಸ್ವೆಟರನ್ನೆಲ್ಲ ಅಷ್ಟು ಆಡಿಕೊಂಡವನು ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ ಅಂತ ಸುಮ್ಮನಿದ್ದೆ."

ಅವಳು ಬಡಿಸುತ್ತಿದ್ದ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ವಾರಕ್ಕೆ ಎರಡು ಸಲ ಬಾಗಿಲ ಆಚೆ ಕೂತು ಹೆಣೆಯುತ್ತಿದ್ದವಳಿಗೆ, ಬಾಗಿಲ ಒಳಗೆ ತನ್ನ ಗಂಡನೂ ನಡುಗುತ್ತಿದ್ದಾನೆ ಅಂತ ಹೊಳೆದೇ ಇರಲಿಲ್ಲ. ಹೇಗಿತ್ತು ಅಂತ ಕೇಳಿದಾಗಲೆಲ್ಲ ಅವನು ಚೆನ್ನಾಗಿತ್ತು ಅಂದಿದ್ದ. ಅವಳು ಬೈಯಲಿಲ್ಲ. ಅವನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿ, ಊಟ ಆದ ಮೇಲೆ ಹೆಗಲಿನ ಅಳತೆ ತೆಗೆದುಕೊಂಡಳು.

ಕಂದು ಕೇಪನ್ನು ಮಾರಿಯಪ್ಪ ಸಂತೋಷದಿಂದ ಬಿಟ್ಟುಕೊಟ್ಟ. ಉಳಿದರ್ಧ ಮುಗಿಸುವುದು ಭಾಮಾ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಅವನ ಕುಣಿಕೆಗಳು ಬಿಗಿ, ಅವಳವು ಸಡಿಲ. ಒಂದೇ ಅಳತೆಯ ಸೂಜಿಯಲ್ಲಿ ಹೆಣೆದರೆ ಅವಳ ಭಾಗ ಅಗಲವಾಗಿ ಜೋತುಬೀಳುತ್ತಿತ್ತು. ಇನ್ನೂ ಸಣ್ಣ ಸೂಜಿ ಹಿಡಿದು ಅವನ ಕೈಗೆ ತನ್ನ ಕೈ ಹೊಂದಿಸಿಕೊಂಡಳು. ಮುಂದಿನ ವಾರದ ಶುಕ್ರವಾರ ವೆಂಕಣ್ಣ ಅದನ್ನು ಹಾಕಿಕೊಂಡು ಮಲಗಿದ. ಮುನಿಲಕ್ಷ್ಮಿ ಸ್ವಾಮಿಗಳ ಹಾಗೆ ಕಾಣುತ್ತೀರಿ ಅಂದಾಗ, ಹಾಗಾದರೆ ಕಾಲಿಗೆ ಬೀಳು ಅಂದನಂತೆ.

ನವಿಲು ಬಣ್ಣದ ಉಣ್ಣೆಯನ್ನು ಎಲ್ಲಮ್ಮನೇ ಆರಿಸಿದಳು. ಡಯಾಲಿಸಿಸ್ ಮುಗಿದ ಸುಸ್ತಿನಲ್ಲೂ ಅಂಗಡಿಯ ಸ್ಟೂಲಿನ ಮೇಲೆ ಕೂತು, ಇದು ನೀಲಿ ಆಯ್ತು, ಇದು ಹಸಿರಾಯ್ತು ಅಂತ ಅಂಗಡಿಯವನಿಂದ ಮೇಲಿನ ಅಟ್ಟದ ಪೆಟ್ಟಿಗೆಯನ್ನೂ ಕೆಳಗೆ ತರಿಸಿದಳು. ಇನ್ನು ಗುಟ್ಟಿಲ್ಲವಲ್ಲ, ಮಾರಿಯಪ್ಪ ಬಸ್ಸಿನಲ್ಲೂ ಹೆಣೆದ, ಮನೆಯ ಜಗಲಿಯಲ್ಲೂ ಹೆಣೆದ. ಸೇಲಂನಲ್ಲೇ ಕೆಲಸದಲ್ಲಿದ್ದ ಅವನ ಮಗಳು ಮೇನಕಾಗೆ ಮೊದಲು ಮುಜುಗರ. ಬಸ್ಸಿನಲ್ಲಿ ಬೇಡ ಅಪ್ಪಾ, ಜನ ನೋಡ್ತಾರೆ ಅಂತ ತಮಿಳಲ್ಲಿ ಹೇಳಿದಳು. ಆಮೇಲೆ ಅವಳೇ ಒಂದು ಹಿತ್ತಾಳೆಯ ಗುಂಡಿ ತಂದುಕೊಟ್ಟಳು. ದುಂಡಗೆ ಹೆಣೆಯುವ ಕೌಲಿಗೆ ತಂತಿ ಸೇರಿಸಿದ ಬೇರೆ ಸೂಜಿ ಬೇಕು. ಅದರ ಮೊದಲ ಸುತ್ತನ್ನು ಭಾಮಾ ಕೂಡಿಸಿಕೊಟ್ಟಳು, ಮಿಕ್ಕದ್ದೆಲ್ಲ ಅವನದೇ.

ಪೊಂಗಲ್ ದಾಟಿತು. ಅದೇ ತೈ ತಿಂಗಳ ಒಂದು ಮಂಗಳವಾರ ಎಲ್ಲಮ್ಮ ಎರಡನ್ನೂ ಹಾಕಿಕೊಂಡೇ ಬಂದಳು. ಹಾಸಿಗೆಯಲ್ಲಿ ಮಲಗಿ ಎಡಗೈಯನ್ನು ಕೇಪಿನ ಕೆಳಗಿಂದ ಚಾಚಿದಳು. ಮುನಿಲಕ್ಷ್ಮಿ ಸೂಜಿ ಚುಚ್ಚಿ ನಳಿಕೆ ಜೋಡಿಸಿದಳು, ಎಲ್ಲೂ ಏನೂ ಅಡ್ಡ ಬರಲಿಲ್ಲ. ಯಂತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ ಭಾಮಾ ಬಾಗಿಲ ಗಾಜಿನಿಂದ ಇಣುಕಿದಳು. ವೆಂಕಣ್ಣ ಕಂದು ಕೇಪಿನಲ್ಲಿ ಪೇಪರ್ ಓದುತ್ತಿದ್ದ. ಎಲ್ಲಮ್ಮ ಗಲ್ಲದವರೆಗೆ ಕೌಲ್ ಎಳೆದುಕೊಂಡು, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದಳು. ಅಷ್ಟು ತಿಂಗಳಲ್ಲಿ ಅವಳು ಅಲ್ಲಿ ನಿದ್ದೆ ಮಾಡಿದ್ದು ಅದೇ ಮೊದಲು.

ವಾಪಸ್ ಹೋಗುವಾಗ ಬಸ್ಸಿನಲ್ಲಿ ಏನಾಯಿತು ಅಂತ ಮಾರಿಯಪ್ಪ ಶುಕ್ರವಾರ ಬಂದು ವರದಿ ಒಪ್ಪಿಸಿದ. ಹೊರಗೆ ಸುಡುಬಿಸಿಲು, ಬಸ್ಸು ತುಂಬ ಜನ. ತೊಪ್ಪೂರು ಘಾಟಿ ಹತ್ತುವವರೆಗೂ ಎಲ್ಲಮ್ಮ ಕೇಪು ಬಿಚ್ಚಲಿಲ್ಲವಂತೆ. ಹಣೆಯಲ್ಲಿ ಬೆವರು ಇಳಿಯುತ್ತಿದ್ದರೂ ಪಕ್ಕದ ಸೀಟಿನ ಹೆಂಗಸಿಗೆ ಹುರಿಗಳನ್ನು ಮುಟ್ಟಿಸಿ ತೋರಿಸಿದಳಂತೆ. ಎಲ್ಲಿ ಕೊಂಡದ್ದು ಅಂತ ಆ ಹೆಂಗಸು ಕೇಳಿದ್ದಕ್ಕೆ, ಕೊಂಡದ್ದಲ್ಲ ಅಂತ ಹೇಳಿ ಗಂಡನ ಕಡೆ ಕೈ ತೋರಿಸಿದಳಂತೆ.