ಪತ್ರಿಕೆಗೆ ಬಂದ ವೀಳ್ಯದೆಲೆ

ಆ ಪತ್ರಕರ್ತನ ಮುಂದೆ ಬಾಯಿ ಬಿಟ್ಟಿದ್ದೇ ನನ್ನ ತಪ್ಪು. ವೀಳ್ಯದೆಲೆಯಿಂದ ನಾವು ಬೇರ್ಪಡಿಸಿದ ಒಂದು ಅಂಶ ಬಾಯಿ ಕ್ಯಾನ್ಸರಿನ ಜೀವಕೋಶಗಳನ್ನು ಕೊಲ್ಲುತ್ತದೆ, ಆದರೆ ಗಾಜಿನ ತಟ್ಟೆಯಲ್ಲಿ ಮಾತ್ರ, ಇಲಿಗೂ ಇನ್ನೂ ಕೊಟ್ಟು ನೋಡಿಲ್ಲ ಎಂದು ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳಿದ್ದೆ. ಮರುದಿನದ ಪತ್ರಿಕೆಯಲ್ಲಿ ತಟ್ಟೆಯೂ ಇರಲಿಲ್ಲ, ಇಲಿಯೂ ಇರಲಿಲ್ಲ. ‘ವೀಳ್ಯದೆಲೆಯಲ್ಲೇ ಕ್ಯಾನ್ಸರಿಗೆ ಮದ್ದು: ಶಿಲ್ಲಾಂಗ್ ಹುಡುಗಿಯ ಸಾಧನೆ’ ಎಂಬ ತಲೆಬರಹ, ಕೆಳಗೆ ಹಲ್ಲು ಕಿರಿದ ನನ್ನ ಫೋಟೋ. ನನಗೆ ಮೂವತ್ತೆಂಟು ವರ್ಷ. ಹುಡುಗಿಯಂತೆ!

ವಾರದೊಳಗೆ ದೊಡ್ಡ ಸಂತೆಯ ಕ್ವಾಯ್ ಅಂಗಡಿಗಳಲ್ಲೆಲ್ಲ ನನ್ನ ಹಲ್ಲು ರಾರಾಜಿಸತೊಡಗಿತು. ಹಸಿ ಅಡಿಕೆ, ಸುಣ್ಣ ಸವರಿದ ಎಲೆ. ಈ ಕ್ವಾಯ್ ಬಾಯಿಗೆ ಬೀಳದೆ ನಮ್ಮ ಖಾಸಿಗಳಿಗೆ ಬೆಳಗಾಗುವುದಿಲ್ಲ. ಒಂದು ಅಂಗಡಿಯಲ್ಲಿ ಅಂಟಿಸಿದ್ದ ಪತ್ರಿಕೆಯ ತುಣುಕನ್ನು ಕೀಳಲು ಕೈ ಹಾಕಿದೆ.

“ಅಯ್ಯೋ, ಹರೀಬೇಡಿ ಕಾಂಗ್!” ಅಕ್ಕ ಎಂದು ಗೌರವ ಕೊಡುತ್ತಲೇ ಅಂಗಡಿಯವಳು ಅಡ್ಡ ಬಂದಳು. “ನಿಮ್ಮ ಮುಖ ನೋಡ್ಕೊಂಡೇ ಜನ ಬರ್ತಿದಾರೆ. ಅಡಿಕೆಯಿಂದ ರೋಗ ಬಂದ್ರೆ ಎಲೆಯಿಂದ ಹೋಗುತ್ತೆ. ಎರಡೂ ಒಂದೇ ಸಲ ಬಾಯಿಗೆ ಹೋಗುತ್ತಲ್ಲ, ಇನ್ನೇನು ಬೇಕು?”

ನನ್ನ ಹತ್ತು ವರ್ಷದ ಓದಿಗೆ ಇಷ್ಟು ಮರ್ಯಾದೆ. ಸಂತೆ ಹಾಳಾಗಿ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ಅದೇ ತುಣುಕು ಮಾಮನ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲೂ ಇತ್ತು, ಬಟ್ಟೆ ಕತ್ತರಿಯಿಂದ ನೀಟಾಗಿ ಕತ್ತರಿಸಿ ಅಂಟಿಸಿದ್ದು. ಮತ್ತು ಮಾಮನ ನಾಲಿಗೆಯ ಅಂಚಿನಲ್ಲಿ ಹುಣ್ಣಿತ್ತು.

ಕಿರ್ಶಾನ್ ಮಾಮ ನನ್ನಮ್ಮನ ಅಣ್ಣ. ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ನನ್ನನ್ನು ಓದಿಸಿದವನು. ಫೆಬ್ರವರಿಯಲ್ಲಿ ಹುಣ್ಣಿನ ಚೂರು ತೆಗೆದು ಪರೀಕ್ಷಿಸಿದ ಡಾಕ್ಟರು, ಇದು ಕ್ಯಾನ್ಸರ್, ಉದ್ದಿನ ಬೇಳೆಯಷ್ಟಿದೆ, ಈಗಲೇ ಕತ್ತರಿಸಿದರೆ ಮಾತೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ ಎಂದಿದ್ದರು. ಮಾಮ “ನೋಡೋಣ” ಎಂದು ಮನೆಗೆ ಬಂದ.

ಅಂದಿನಿಂದ ಜೂನ್‌ವರೆಗೆ ನಾನು ದಿನಾ ಅವನ ಅಂಗಡಿಗೆ ಹೋಗಿ ಗಂಟಲು ಹರಿದುಕೊಂಡೆ. ಆ ಅಂಶ ಎಲೆಯಲ್ಲಿರುವುದು ಎಷ್ಟು ಕಡಿಮೆ, ತಟ್ಟೆಗೂ ಬಾಯಿಗೂ ಎಷ್ಟು ವ್ಯತ್ಯಾಸ, ಬುಟ್ಟಿಗಟ್ಟಲೆ ಎಲೆ ಅಗಿದರೂ ಯಾಕೆ ಪ್ರಯೋಜನವಿಲ್ಲ, ಎಲ್ಲ ಹೇಳಿದೆ. ಚಿತ್ರ ಬರೆದು ತೋರಿಸಿದೆ. ಅವನು ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ಗೋಡೆಯ ಕಡೆ ನೋಡಿ “ನೋಡೋಣ” ಎನ್ನುತ್ತಿದ್ದ. ಹುಣ್ಣು ಬೆಳೆಯುತ್ತಿತ್ತು. ಊಟ ನುಂಗುವಾಗ ಮುಖ ಕಿವುಚುವುದನ್ನು ನೋಡಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನನ್ನ ತಾಳ್ಮೆ ಮುಗಿಯಿತು. ಗೋಡೆಯ ತುಣುಕನ್ನು ಕಿತ್ತು ಉಂಡೆ ಮಾಡಿ ಎಸೆದೆ.

“ಎಲೆ ತಿಂದ್ರೆ ಇದು ವಾಸಿಯಾಗಲ್ಲ ಮಾಮ! ಇನ್ನೆಷ್ಟು ಸಲ ಬಡ್ಕೊಳ್ಳಲಿ?”

ಮಾಮ ಯಂತ್ರ ನಿಲ್ಲಿಸಿದ. “ವಾಸಿಯಾಗುತ್ತೆ ಅಂತ ನಾನ್ಯಾವಾಗ ಹೇಳ್ದೆ? ಐವತ್ತು ವರ್ಷದಿಂದ ಎಲೆ ತಿಂತಿದೀನಿ. ಅದಕ್ಕೆ ಅಷ್ಟು ಶಕ್ತಿ ಇದ್ದಿದ್ರೆ ಹುಣ್ಣು ಯಾಕೆ ಬರ್ತಿತ್ತು? ನಾನೇನು ದಡ್ಡನಾ?”

“ಮತ್ತೆ ಆಪರೇಷನ್ ಯಾಕೆ ಬೇಡ?”

“ನಿನ್ನ ಔಷಧಿಗೆ ಕಾಯ್ತಿದೀನಿ ಕಣೇ ದಾಫಿ. ಮೊದಲು ಯಾರಿಗಾದ್ರೂ ಕೊಟ್ಟು ನೋಡಬೇಕಲ್ಲ? ಕಂಡವರು ಒಪ್ತಾರಾ? ಇದನ್ನ ಕತ್ತರಿಸಿ ಎಸೆದುಬಿಟ್ರೆ ನೀನು ಯಾರ ಮೇಲೆ ನೋಡ್ತೀಯ?”

ಬಟ್ಟೆಯ ರಾಶಿ ಸರಿಸಿ ಅವನೆದುರು ಕೂತೆ.

“ಅದು ಬರೋಕೆ ಇನ್ನೂ ಹದಿನೈದು ವರ್ಷ ಬೇಕು ಮಾಮ. ಅದೂ ಬಂದ್ರೆ.”

“ಹದಿನೈದು ವರ್ಷಾನಾ?” ಅವನು ನನ್ನನ್ನು ದಿಟ್ಟಿಸಿ ನೋಡಿದ. ಮೊದಲು ಬೆಪ್ಪಾದ, ಆಮೇಲೆ ಕೆಂಡಾಮಂಡಲವಾದ. “ಮಳೆಗಾಲ ಮುಗಿಯೋದ್ರೊಳಗೆ ತರ್ತೀಯ ಅಂದ್ಕೊಂಡಿದ್ನಲ್ಲೇ! ನಾಲ್ಕು ತಿಂಗಳು ಇಲ್ಲಿ ಕೂತು ಎಲೆ ಪುರಾಣ ಕೊರೆದೆ, ಈ ಒಂದು ಮಾತು ಹೇಳೋಕೆ ನಿಂಗೇನಾಗಿತ್ತು? ಹೇಳಿದ್ರೆ ಅವತ್ತೇ ಹೋಗಿ ಕತ್ತರಿಸ್ಕೊಂಡು ಬರ್ತಿದ್ದೆ!”

ಯಾಕೆ ಕಾಯುತ್ತಿದ್ದೀಯ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅವನ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು.

ಮರುದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು. ನಾಲಿಗೆಯ ಬುಡ ಒತ್ತಿದರು, ಕುತ್ತಿಗೆಯ ಎರಡೂ ಕಡೆ ಬೆರಳಾಡಿಸಿದರು. ಆಮೇಲೆ ಟಾರ್ಚು ಆರಿಸಿ, ಮಾಮನನ್ನು ಸ್ವಲ್ಪ ಹೊರಗೆ ಕೂರಲು ಹೇಳಿದರು.

ಮಾಮ ಕುರ್ಚಿಯಿಂದ ಅಲುಗಾಡಲಿಲ್ಲ.

“ಬಾಯಿ ನಂದು ಡಾಕ್ಟ್ರೇ. ಏನಿದ್ರೂ ನನಗೇ ಹೇಳಿ. ಇವಳಿಗೆ ಹೇಳಿದ್ರೆ ನನ್ನ ಕಿವಿಗೆ ಬೀಳೋಕೆ ಇನ್ನೂ ನಾಲ್ಕು ತಿಂಗಳು ಬೇಕು.”