ಅತ್ತೆ ಕಂಡ ಸಿನಿಮಾ

ನಮ್ಮತ್ತೆ ರಾಮಕ್ಕ ಹಳೇ ಸಿನಿಮಾಗಳಿಗೆ ಮಾರ್ಕ್ಸ್ ಕೊಡೋದು ಆಣೆ ಲೆಕ್ಕದಲ್ಲಿ. ಹದಿನಾರಾಣೆ ಅಂದ್ರೆ ಅಪ್ಪಟ ಚಿನ್ನ, ನಾಲ್ಕಾಣೆ ಅಂದ್ರೆ ಕರೆಂಟು ದಂಡ. ಬಾಪೂಜಿ ನಗರದ ನಮ್ಮ ಮನೇಲಿ ಶನಿವಾರ ಮಧ್ಯಾಹ್ನ ಮುದ್ದೆ ಉಂಡು, ಪೌರಾಣಿಕವೋ ಪತ್ತೇದಾರಿಯೋ, ಕಪ್ಪುಬಿಳುಪೋ ಬಣ್ಣದ್ದೋ, ಒಂದು ಹಾಕ್ತೀವಿ. ಆಮೇಲೆ ಅತ್ತೆ ವಿಮರ್ಶೆ ಹೇಳ್ತಾರೆ, ನಾನು ಮೊಬೈಲಲ್ಲಿ ಹಿಡಿದು ಯೂಟ್ಯೂಬಿಗೆ ಹಾಕ್ತೀನಿ.

ಒಂದೇ ತಾಪತ್ರಯ. ಇಂಟರ್‌ವಲ್ ಹೊತ್ತಿಗೆ ಅತ್ತೆ ಗೊರಕೆ ಶುರು. "ನಿದ್ದೆ ಮಾಡಿದ್ರಿ" ಅಂದ್ರೆ ಸಾಕು, ಮೈಮೇಲೇ ಬರ್ತಾರೆ. "ನಾನೆಲ್ಲೇ ಮಲಗಿದ್ದೆ? ಕಣ್ಣು ಮುಚ್ಕೊಂಡು ನೋಡ್ತಿದ್ದೆ!" ಹಾಗಾಗಿ ಉಳಿದರ್ಧ ಕಥೆ ಅವರ ಕನಸಿಂದೇ. ರಾಕ್ಷಸನ ಸಂಹಾರ ಆದ್ಮೇಲೆ ಬೆಳದಿಂಗಳಲ್ಲಿ ಒಂದು ಬಸ್ಸು ಬರುತ್ತಂತೆ, ಹಸಿರು ಲಂಗದ ಹುಡುಗಿ ಇಳೀತಾಳಂತೆ. ಕೊಲೆಗಾರ ಸಿಕ್ಕಿಬಿದ್ದ ಸಿನಿಮಾದಲ್ಲೂ ಅದೇ ಬಸ್ಸು, ಅದೇ ಹುಡುಗಿ. ನಡ್ಕೊಂಡು ಬರ್ತಾಳೆ, ಬರ್ತಾನೇ ಇರ್ತಾಳೆ, ಮನೆ ಮಾತ್ರ ಸಿಗಲ್ಲ. ಜನ ಕಾಮೆಂಟಲ್ಲಿ ಬಿದ್ದು ಬಿದ್ದು ನಗ್ತಾರೆ.

ನನಗೆ ನಗು ಬರಲ್ಲ. ಆ ಹುಡುಗಿ ನನ್ನ ನಾದಿನಿ ಸಂಘಮಿತ್ರಾ, ಹಳೇ ಫೋಟೋದಲ್ಲಿ ಅವಳು ಹಾಕಿರೋದು ಅದೇ ಹಸಿರು ಲಂಗ. ಹೇಳದೆ ಕೇಳದೆ ಮದುವೆ ಆಗಿ ಬಂದವಳ ಮುಖದ ಮೇಲೆ ಅತ್ತೆ ಬಾಗಿಲು ಹಾಕಿದ್ರು. ಇರೋದು ಇಲ್ಲೇ ಕೆಂಗೇರಿಲಿ, ಮೆಟ್ರೋ ಹತ್ತಿದ್ರೆ ಬಂದ್ಬಿಡಬಹುದು. ವರ್ಷಗಳೇ ಆದ್ವು, ಇವರು ಕರೆಯಲ್ಲ, ಅವಳು ಬರಲ್ಲ. ಹಠದಲ್ಲಿ ಅಮ್ಮ ಮಗಳು ಒಂದೇ ಅಚ್ಚು, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಹೋದ ಶನಿವಾರ ಹಾಕಿದ್ದು, ಮಗಳು ರೈಲು ಹತ್ತಿ ದೂರ ಹೋಗಿಬಿಡೋ ಸಿನಿಮಾ. ಅತ್ತೆ ಎದ್ದು ಕೂತ್ರು, ಕಣ್ಣಲ್ಲಿನ್ನೂ ಮಂಪರು. "ಕೊನೇಲಿ ಆ ಹುಡುಗಿಗೆ ಮನೆ ಸಿಗ್ತು. ಅವಳಮ್ಮ ಓಡಿ ಬಂದು ಬಾಗಿಲು ತೆಗೆದ್ಲು. ಹದಿನಾರಾಣೆ!" ಅಂದ್ರು. ಒಂದಕ್ಷರ ಕತ್ತರಿಸದೆ ಹಾಕಿದೆ.

ಮೊನ್ನೆ ಅದರ ಕೆಳಗೆ ಒಂದು ಕಾಮೆಂಟು. "ಅತ್ತಿಗೆ, ಆ ಸಿನಿಮಾ ನಾನೂ ನೋಡಿದೀನಿ, ಅಂಥ ಸೀನೇ ಇಲ್ಲ. ಅಮ್ಮ ನಿಜವಾಗ್ಲೂ ಬಾಗಿಲು ತೆಗೀತಾಳಾ? ಶನಿವಾರ ಬರ್ಲಾ?"

ಓದಿ ಹೇಳಿದೆ. ಅತ್ತೆ ಸೆರಗಲ್ಲಿ ಮೂಗು ಒರೆಸ್ಕೊಂಡು, "ಬರಕ್ಕೆ ಹೇಳು" ಅಂದ್ರು. ಅಯ್ಯೋ, ನನಗೇ ಅಳು ಬಂತು.

ಇವತ್ತು ಉಂಡಾದ್ಮೇಲೆ ಅಭ್ಯಾಸಬಲ, ರಿಮೋಟ್ ಕೈಗೆತ್ಕೊಂಡೆ. ಅತ್ತೆ ಬಾಗಿಲು ಪೂರ್ತಿ ತೆಗೆದಿಟ್ಟು, ಅದರ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ರು.

"ಇವತ್ತು ಸಿನಿಮಾ ಬೇಡ ಕಣೇ ಶೋಭಾ," ಅಂದ್ರು. "ನನಗೆ ನಿದ್ದೆ ಬಂದ್ಬಿಡುತ್ತೆ."