ಮುನ್ನೂರು ಮೀಟರ್ ದಾರ

ಧರ್ಮರಾಜು ರೀಲನ್ನು ಗಾಜಿನ ಕೌಂಟರ್ ಮೇಲೆ ಕುಕ್ಕಿದ ರಭಸಕ್ಕೆ ಒಳಗಿದ್ದ ಗಾಳಗಳೆಲ್ಲ ಝಣ್ ಅಂದವು.

"ಕಳ್ಳ ನನ್ಮಗನೇ! ಮುನ್ನೂರು ಮೀಟರ್ ಅಂತ ಹೇಳಿ ಎಷ್ಟು ಸುತ್ತಿ ಕೊಟ್ಟಿದ್ದೆ?"

ಶಂಕರಪುರಂನಲ್ಲಿ ಗಾಳ, ರೀಲು ಮಾರುವ ಮಧುಸೂದನ್ ನಿಧಾನವಾಗಿ ಕನ್ನಡಕ ಒರೆಸಿಕೊಂಡ. "ಮರ್ಯಾದೆ ಕೊಟ್ಟು ಮಾತಾಡಿ. ಮೀನು ಹಿಡಿಯೋರ ವಾಟ್ಸಾಪ್ ಗ್ರೂಪಲ್ಲಿ ಕಳ್ಳ ಅಂತ ಹಾಕಿದ್ದು ಸಾಲ್ದಾ? ಮೂರು ದಿನದಿಂದ ಅಂಗಡಿಗೆ ಒಂದು ನೊಣಾನೂ ಬಂದಿಲ್ಲ."

ಧರ್ಮರಾಜು ಕೆರೆಗಳಲ್ಲಿ ಮೀನು ಹಿಡಿದು ಹೆಸರು ಮಾಡಿದವನು. ಮೊದಲ ಸಲ ಸಮುದ್ರಕ್ಕೆ ಹೋಗುವ ಆಸೆ ಹುಟ್ಟಿದಾಗ, ಜುಲೈನಲ್ಲಿ, ಇದೇ ಅಂಗಡಿಯಲ್ಲಿ ಎರಡು ಶನಿವಾರ ಕೂತು ಮಧುಸೂದನ್‌ನ ತಲೆ ತಿಂದಿದ್ದ. ಚಿಕ್ಕ ರೀಲು ಸಾಕು, ಕೈಗೆ ಹಗುರ ಎಂದು ಇವನ ಹಟ. ಕೆರೆ ಮೀನು ಮೂವತ್ತು ಮೀಟರ್‌ಗೆ ಸುಸ್ತಾಗುತ್ತದೆ, ಸಮುದ್ರದ್ದು ತಿರುಗಿ ನೋಡದೆ ಓಡುತ್ತದೆ, ದಪ್ಪ ದಾರವೇ ಮುನ್ನೂರು ಮೀಟರ್ ಹಿಡಿಸುವ ರೀಲು ಬೇಕು ಎಂದು ಅವನ ವಾದ. ಕೊನೆಗೆ ಗೆದ್ದದ್ದು ಮಧುಸೂದನ್; ದೊಡ್ಡ ರೀಲಿಗೆ ಗಾಜಿನಂತೆ ತಿಳಿಯಾದ ಹೊಸ ದಾರ ಸುತ್ತಿ ಕೊಟ್ಟಿದ್ದ.

ಕಳೆದ ಭಾನುವಾರ ಮಲ್ಪೆಯ ಬಂಡೆಯ ಮೇಲೆ ಮೀನು ಕಚ್ಚಿತು. ಅಂಜಲೋ ಇನ್ನೊಂದೋ, ಅದರ ಮುಖವನ್ನೇ ಧರ್ಮರಾಜು ನೋಡಲಿಲ್ಲ. ನೂರು ಮೀಟರ್ ಕೂಡ ಓಡಿರಲಿಲ್ಲ, ದಾರ ಹರಿಯಿತು. ರೀಲಿನಲ್ಲಿ ಉಳಿದದ್ದು ಹಳೇ ಹಸಿರು ದಾರ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಮಾನದಿಂದ ಕುದಿಯುತ್ತ ರೀಲನ್ನು ಚೀಲಕ್ಕೆ ತುರುಕಿದವನು ಇವತ್ತೇ ಹೊರತೆಗೆದದ್ದು.

"ಮೇಲೆ ಹೊಸದು, ಕೆಳಗೆ ಕೊಳೆತದ್ದು! ಬೇರೆ ರೀಲು ಕೊಡು, ಇಲ್ಲಾಂದ್ರೆ ಬೀದೀಲಿ ನಿಂತ್ಕೊಂಡು ಕೂಗ್ತೀನಿ."

ಮಧುಸೂದನ್ ದಾರದ ತುದಿ ಎಳೆದು ಬೆಳಕಿಗೆ ಹಿಡಿದ. "ಹೊಸದೂ ಹಳೇದೂ ಸೇರೋ ಗಂಟಿನ ಪಕ್ಕದಲ್ಲೇ ಹರಿದಿದೆ. ಗಂಟಿನ ಮೇಲೆ ಇದೇನು ನೋಡಿ."

ಗಂಟಿನ ಮೇಲೆ ಒಂದು ಹನಿ ಮಿನುಗುವ ನೀಲಿ ಬಣ್ಣ.

"ನಾನು ಉಗುರುಬಣ್ಣ ಮಾರಲ್ಲ" ಎಂದ ಮಧುಸೂದನ್.

ಧರ್ಮರಾಜು ರೀಲನ್ನು ಹತ್ತಿರಕ್ಕೆ ಎಳೆದುಕೊಂಡ. ಗಂಟು ಜಾರದಂತೆ ಉಗುರುಬಣ್ಣ ಹಚ್ಚುವುದು ಅವನದೇ ಉಪಾಯ. ಹೆಂಡತಿಯ ಕೆಂಪು ಶೀಶೆಯಿಂದ ಹಚ್ಚುತ್ತಿದ್ದ. ಅದನ್ನು ಕಲಿಸಿದ್ದು ಒಬ್ಬಳಿಗೇ, ಮಗಳು ಮೋನಿಷಾಗೆ. ನೀಲಿ ಶೀಶೆ ಅವಳದು. ಗಣೇಶನ ಹಬ್ಬಕ್ಕೆ ಅವಳು ಮನೆ ತುಂಬ ಕಾಗದದ ಗಿಳಿಗಳನ್ನು ತೂಗುಹಾಕಿದ್ದಳು. ದಾರವೇ ಕಾಣದೆ ಗಿಳಿಗಳು ಗಾಳಿಯಲ್ಲಿ ನಿಂತಿವೆ ಎಂದು ಬಂದವರಿಗೆಲ್ಲ ತೋರಿಸಿ ಮೆರೆದವನು ಇವನೇ. ದಾರ ಎಲ್ಲಿಂದ ಬಂತು ಅಂತ ಮಾತ್ರ ಕೇಳಿರಲಿಲ್ಲ. ಈ ರೀಲಿನಿಂದ ಕತ್ತರಿಸಿದಷ್ಟಕ್ಕೂ ಮನೆಯಲ್ಲಿದ್ದ ಹಳೇ ದಾರ ಸೇರಿಸಿ, ಗೊತ್ತಾಗದಂತೆ ಸುತ್ತಿಟ್ಟಿದ್ದಳು.

ಅವನು ಮೊಬೈಲ್ ತೆಗೆದು ಗ್ರೂಪಿನಲ್ಲಿ ಬರೆದ: "ಹಳೇ ದಾರ ಸೇರಿಸಿದ್ದು ನಾನೇ. ಮಧುಸೂದನ್ ತಪ್ಪಿಲ್ಲ."

ಮಧುಸೂದನ್ ಓದಿಕೊಂಡ. ಅವನ ಮುಖ ಸಡಿಲಾಗಲಿಲ್ಲ. "ಮನೇಲೂ ಹೀಗೇ ಕೂಗಾಡ್ತೀರಾ?"

ಧರ್ಮರಾಜು ಹೊರಗೆ ಬಂದು ಮಗಳಿಗೆ ಫೋನ್ ಮಾಡಿದ. ಬೈಯಬಾರದು, ಮೆತ್ತಗೆ ಮಾತಾಡಬೇಕು ಎಂದುಕೊಂಡ.

"ಮೋನಿ" ಎಂದ.

"ಅಪ್ಪಾ, ನಾನೇನೂ ಮಾಡಿಲ್ಲ!"

ಅವನಿನ್ನೂ ಏನನ್ನೂ ಕೇಳಿರಲಿಲ್ಲ.